ಹಾಸು ಮುಗಿದ ಮೇಲೆ

ಖಾನಾಪುರ
18 ಜೂನ್ 1979, ಸೋಮವಾರ

ಅಪ್ಪಾ,

ನಿನ್ನ ಮಗಳು ಶಾಲೆಯ ಅಕ್ಕೋರಾಗಿ ಇವತ್ತಿಗೆ ಒಂದು ವಾರ. ಎರಡನೇ ಇಯತ್ತೆಯ ಹುಡುಗಿಯರು ನನಗೆ ಹೆದರಬೇಕೆಂದು ಹೆಡ್ ಮಾಸ್ತರರ ಅಪ್ಪಣೆಯಾಗಿದೆ. ಅವರೇನೂ ಹೆದರುತ್ತಿಲ್ಲ. ಅರ್ಧ ಮಂದಿಯ ಮನೆಮಾತು ಮರಾಠಿ. ಕನ್ನಡದಲ್ಲಿ ಗದರಿದರೆ ಸುಮ್ಮನೆ ನಗುತ್ತಾರೆ, ಮರಾಠಿಯಲ್ಲಿ ಗದರಿದರೆ ನನ್ನ ಮರಾಠಿ ಕೇಳಿ ಇನ್ನೂ ನಗುತ್ತಾರೆ.

ಖೋಲಿ ಚೆನ್ನಾಗಿದೆ. ಮನೆಯೊಡತಿ ಸಾವಂತ್ರವ್ವ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರಿ ಬದುಕುವವಳು. ಬಾಯಿ ಜೋರು, ಮನಸ್ಸು ಮೆತ್ತಗೆ. ಮನೆಯ ಮುಂದೆ ಅಗಲವಾದ ಕಟ್ಟೆಯಿದೆ. ಅಲ್ಲಿ ಕುಳಿತರೆ ಇಳಿಜಾರಿನ ಕೆಳಗೆ ಮಲಪ್ರಭಾ ಹೊಳೆ ಕಾಣುತ್ತದೆ.

ಇವತ್ತು ಶಾಲೆಯಿಂದ ಬರುವಾಗ ಹೊಳೆಯ ದಂಡೆಯಲ್ಲಿ ಎತ್ತುಗಳು ಸುಮ್ಮನೆ ನಿಂತಿದ್ದವು. ಮಳೆ ಬಿದ್ದಿದೆ, ಹೊಲದ ಕೆಲಸ ರಾಶಿ ಬಿದ್ದಿದೆ, ಆದರೂ ಯಾರೂ ನೊಗ ಕಟ್ಟಿರಲಿಲ್ಲ. ಇದೇನು ಎಂದುಕೊಂಡೆ, ಆಮೇಲೆ ಸೋಮವಾರ ಎಂಬುದು ನೆನಪಾಯಿತು. ನಮ್ಮ ಮುತ್ಯಾ ಹೇಳುತ್ತಿದ್ದ ಮಾತೂ ನೆನಪಾಯಿತು: “ಎತ್ತಿಗೆ ಸೋಮವಾರ ಸೂಟಿ ಐತಿ ಅಂದಮ್ಯಾಲ ಮಗ್ಗಕ್ಕ ಯಾಕಿಲ್ಲ? ಅದೂ ನಮಗ ಅನ್ನಾ ಹಾಕತೈತಿ.” ಅದಕ್ಕೇ ನಮ್ಮ ಮನೆಯಲ್ಲಿ ಸೋಮವಾರ ಯಾರೂ ಕಾಲಿನಿಂದ ತುಳಿಯುವ ಕುಣಿಮಗ್ಗಕ್ಕೆ ಇಳಿಯುತ್ತಿರಲಿಲ್ಲ. ಅವ್ವ ನೂಲು ಸುತ್ತುವ ರಾಟೆಯನ್ನು ಗೋಡೆಗೆ ಆನಿಸಿಟ್ಟು, ತಲೆಗೆ ಎಣ್ಣೆ ಹಚ್ಚಿಕೊಂಡು, ನಿನ್ನ ಬಾಜೂ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಇಬ್ಬರೂ ಸಂಜೆಯತನಕ ಏನು ಮಾತಾಡುತ್ತಿದ್ದಿರೋ ನನಗೆ ಇಂದಿಗೂ ಗೊತ್ತಿಲ್ಲ.

ಅವ್ವ ಹೋದ ಮೇಲೆ ನೀನು ಒಂದು ಸೋಮವಾರವೂ ಕುಳಿತದ್ದನ್ನು ನಾನು ನೋಡಿಲ್ಲ. ಕುಣಿಮಗ್ಗ ಕಿತ್ತು ಕರೆಂಟ್ ಮಗ್ಗ ಎರಡು ತಂದು ಹಾಕಿದೆ. ಇರಲಿ, ಜಗಳಕ್ಕೆ ಬರೆಯುತ್ತಿಲ್ಲ. ಒಂದು ರವಿವಾರ ಸಂಜೆಯ ಗಾಡಿಗೆ ಬಾ. ಸೋಮವಾರ ನಾನೂ ರಜೆ ಹಾಕುತ್ತೇನೆ, ಇಬ್ಬರೂ ಈ ಕಟ್ಟೆಯ ಮೇಲೆ ಕೂಡೋಣ. ಒಂದು ತಾಸಿನ ದಾರಿಗೆ ನೀನು ಕಾರಣ ಹುಡುಕಬೇಡ.

ನಿನ್ನ ಮಗಳು,
ಕಾಂತಾ


ವಡಗಾವಿ
9 ಜುಲೈ 1979

ಅಕ್ಕೋರಿಗೆ ಗುರುಪುತ್ರಪ್ಪನ ನಮಸ್ಕಾರ.

ಕರೆಂಟ್ ಹೋಗಿದೆ, ಅದಕ್ಕೇ ಬರೆಯಲು ಪುರುಸೊತ್ತು ಸಿಕ್ಕಿತು. ಏಳನೇ ಇಯತ್ತೆಯ ಮುಲ್ಕಿ ಪಾಸಾದವನ ಕನ್ನಡ, ತಪ್ಪಿದ್ದಲ್ಲಿ ಕೆಂಪು ಶಾಯಿಯಿಂದ ತಿದ್ದಿ ವಾಪಸು ಕಳಿಸು.

ಬರುತ್ತೇನೆ. ಬರುವುದಿಲ್ಲ ಎಂದು ಯಾರು ಹೇಳಿದರು? ಈಗ ಮಗ್ಗಕ್ಕೆ ಉದ್ದಕ್ಕೆ ಏರಿಸಿದ ನೂಲಿನ ಹಾಸು ಅರ್ಧ ನೇಯ್ದಾಗಿದೆ. ಅದೊಂದು ಮುಗಿಯಲಿ.

ಕರೆಂಟ್ ಮಗ್ಗ ನಿನಗೆ ಸೇರುವುದಿಲ್ಲ ಎಂದು ಗೊತ್ತು. ನನಗೇನೂ ಅದರ ಮೇಲೆ ಪ್ರೀತಿ ಉಕ್ಕುತ್ತಿಲ್ಲ. ಕುಣಿಮಗ್ಗದಲ್ಲಿ ನನ್ನ ಕಾಲು ನಿಂತರೆ ಮಗ್ಗ ನಿಲ್ಲುತ್ತಿತ್ತು, ಇದು ನನ್ನನ್ನು ಕೇಳುವುದಿಲ್ಲ. ಲಾಳಿಯಲ್ಲಿ ನೂಲು ಮುಗಿದರೆ ಮಗ್ಗ ತಾನೇ ನಿಲ್ಲಲಿ ಎಂದು ಒಂದು ಸಣ್ಣ ಕಂಬಿ ಇಟ್ಟಿದ್ದಾರೆ. ಅದೋ ನೂಲಿದ್ದಾಗಲೂ ಗಳಿಗೆಗೊಮ್ಮೆ ನಿಲ್ಲಿಸುತ್ತಿತ್ತು. ಬೇಸತ್ತು ಹೋದ ವಾರ ಎರಡು ಮಗ್ಗದ ಕಂಬಿಯನ್ನೂ ಸುತಳಿಯಿಂದ ಕಟ್ಟಿಹಾಕಿದೆ. ನನಗೆ ಕಣ್ಣಿಲ್ಲವೇ? ನೂಲು ಮುಗಿದರೆ ನಾನೇ ನೋಡಿ ನಿಲ್ಲಿಸುತ್ತೇನೆ.

ಓಣಿಯ ಸುದ್ದಿ: ಎದುರುಮನೆಯ ಲಕ್ಷ್ಮಪ್ಪ ಇನ್ನೂ ತನ್ನ ಕುಣಿಮಗ್ಗ ಬಿಟ್ಟಿಲ್ಲ, ಸೋಮವಾರವನ್ನೂ ಬಿಟ್ಟಿಲ್ಲ. ಅವನಿಗೆ ನನ್ನನ್ನು ಕಂಡರೆ ನಗೆ, ನನಗೆ ಅವನನ್ನು ಕಂಡರೆ ನಗೆ. ಕರೆಂಟ್ ಹೋದ ಕೂಡಲೇ ಓಣಿಯವರೆಲ್ಲ ಹೊರಗೆ ಬಂದು ತಮ್ಮ ತಮ್ಮ ಕಟ್ಟೆಯ ಮೇಲೆ ಕೂಡುತ್ತಾರೆ. ಆಗ ಮಾತ್ರ ಒಬ್ಬರ ಮುಖ ಒಬ್ಬರು ನೋಡುವುದು. ಈಗಲೂ ಹೊರಗಿದ್ದೇನೆ, ಲಕ್ಷ್ಮಪ್ಪ “ಯಾರಿಗಿ ಬರ್‍ಯಾಕತ್ತೀಯೋ, ಲಗ್ನದ ಕಾಗದ ಏನು?” ಎಂದು ಕೂಗುತ್ತಿದ್ದಾನೆ.

ಸೋಮವಾರ ಭಿಕ್ಷೆಗೆ ಬರುವ ಜಂಗಮರು ಕಲ್ಲಯ್ಯಜ್ಜ ಮೊದಲಿನ ಹಾಗೆ ಒಳಗೆ ಬಂದು ಕೂಡುವುದಿಲ್ಲ. ಬಂದರೂ ಮಗ್ಗದ ಸದ್ದಿನಲ್ಲಿ ಅವರ ಕೂಗು ನನಗೆ ಕೇಳಿಸುವುದಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದ್ದೇನೆ. ಮಗ್ಗ ಶುರು ಮಾಡುವ ಮೊದಲೇ ಜೋಳದ ಹಿಟ್ಟು ತುಂಬಿದ ಬಟ್ಟಲನ್ನು ಹೊಸ್ತಿಲ ಮೇಲಿಡುತ್ತೇನೆ. ಅಜ್ಜ ಬಂದು, ಜೋಳಿಗೆಗೆ ಹಾಕಿಕೊಂಡು, ಖಾಲಿ ಬಟ್ಟಲು ಬೋರಲು ಇಟ್ಟು ಹೋಗುತ್ತಾರೆ. ಅವರಿಗೂ ಹೊತ್ತು ಉಳಿಯಿತು, ನನಗೂ ಉಳಿಯಿತು.

ಕರೆಂಟ್ ಬಂತು.

ನಿನ್ನ ಅಪ್ಪ,
ಗುರುಪುತ್ರಪ್ಪ


ಖಾನಾಪುರ
30 ಆಗಸ್ಟ್ 1979

ಅಪ್ಪಾ,

ಶ್ರಾವಣದಲ್ಲಿ ಅವ್ವನ ವರ್ಷದ ಪೂಜೆಗೆ ಬಂದವಳು ನಿನಗೆ ಹೇಳದೆ ಸಂಜೆಯ ಗಾಡಿಗೆ ಹೊರಟುಬಿಟ್ಟೆ. ಹತ್ತು ದಿನ ಪತ್ರ ಬರೆಯಬಾರದೆಂದು ಸಿಟ್ಟು ಹಿಡಿದೆ. ಸಿಟ್ಟು ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಅವ್ವನ ಸಮಾಧಿಯ ಗದ್ದುಗೆಗೆ ಹೂ ಏರಿಸಿ ಬಂದೆವು. ಊಟಕ್ಕೆ ಎಲೆ ಹಾಕಿದಾಗ ನೀನು ಮಗ್ಗ ನಿಲ್ಲಿಸಿದ್ದೆ, ನಿಜ. ಬಂದವರು ಇನ್ನೂ ಕೈ ತೊಳೆಯುತ್ತಿದ್ದರು, ಅಷ್ಟರಲ್ಲಿ ಒಳಗೆ ಮಗ್ಗ ಶುರುವಾಯಿತು. ಸೋದರತ್ತೆ ಅವ್ವನ ಬಗ್ಗೆ ಏನೋ ಹೇಳುತ್ತಿದ್ದಳು, ಆ ಸದ್ದಿನಲ್ಲಿ ನನಗೆ ಕೇಳಿಸಲೇ ಇಲ್ಲ. ಅವಳೂ ಅರ್ಧಕ್ಕೆ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಹೊರಗೆ ಬಂದರೆ ಲಕ್ಷ್ಮಪ್ಪ ಕಾಕಾ ನನ್ನನ್ನು ಬದಿಗೆ ಕರೆದ. “ನಿಮ್ಮಪ್ಪಗ ನೀನರ ಹೇಳವಾ ಕಾಂತಾ. ಹೋದ ತಿಂಗಳ ಶುರುವಿಗೇ ತಲಿ ತಿರುಗಿ ಮಗ್ಗದ ಮ್ಯಾಲ ಬೀಳಾಂವ ಇದ್ದ. ಬಿ.ಪಿ. ಭಾಳ ಐತಿ, ಎರಡ ತಿಂಗಳ ಕೆಲಸ ಬಿಟ್ಟ ಸುಮ್ಮ ಕುಂದ್ರು ಅಂತ ಡಾಕ್ಟರು ಹೇಳ್ಯಾರ. ಇಂವ ಎರಡ ತಾಸನೂ ಕುಂತಿಲ್ಲ.”

ನೀನು ಇದನ್ನು ನನಗೆ ಬರೆಯಲಿಲ್ಲ. ಕಂಬಿಗೆ ಸುತಳಿ ಕಟ್ಟಿದ್ದನ್ನು ಬರೆದೆ, ಬಟ್ಟಲು ಹೊಸ್ತಿಲ ಮೇಲಿಟ್ಟದ್ದನ್ನು ಬರೆದೆ, ಇದನ್ನು ಬಿಟ್ಟೆ.

ಹಾಸು ಮುಗಿದ ಮೇಲೆ ಬರುತ್ತೇನೆ ಎಂದಿದ್ದೀಯ. ಅಪ್ಪಾ, ನಾನು ನೇಕಾರನ ಮಗಳು. ನಮ್ಮ ಮನೆಯಲ್ಲಿ ಹಾಸು ಯಾವತ್ತು ಮುಗಿದಿದೆ? ಹಳೆಯ ಹಾಸಿನ ತುದಿ ಇನ್ನೂ ಮಗ್ಗದಲ್ಲಿರುವಾಗಲೇ ಹೊಸದರ ಒಂದೊಂದು ಎಳೆಯನ್ನೂ ಅದಕ್ಕೆ ಹೊಸೆದು ಕೆಚ್ಚುತ್ತೀರಿ. ಬರಿದಾದ ಮಗ್ಗವನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ನೀನು ಯಾವ ಕಾಲಕ್ಕೂ ಬರುವುದಿಲ್ಲ ಎಂದು ನೇರವಾಗಿ ಬರೆದಿದ್ದರೆ ಚೆನ್ನಾಗಿತ್ತು. ಹಾಸನ್ನು ಖರೇನೇ ಮುಗಿಸಿ, ಹೊಸದು ಕೆಚ್ಚದೆ ಬಂದ ದಿನ ನಿನ್ನ ಮಾತು ನಂಬುತ್ತೇನೆ.

ಮಾತ್ರೆ ಏನಾದರೂ ಕೊಟ್ಟಿದ್ದರೆ ತಪ್ಪದೆ ತೆಗೆದುಕೋ.

ಕಾಂತಾ


ವಡಗಾವಿ
29 ಅಕ್ಟೋಬರ್ 1979

ಚಿ. ಕಾಂತಾ,

ದೀಪಾವಳಿ ಆಗಿಹೋಯಿತು. ನಿಮ್ಮ ಶಾಲೆಗೆ ಮೂರು ವಾರ ಸೂಟಿ ಎಂದು ಪಕ್ಕದ ಮನೆಯ ಹುಡುಗಿಯಿಂದ ತಿಳಿಯಿತು. ನೀನು ಬರುತ್ತೀ ಎಂದು ಗೋಡೆಗೆ ಸುಣ್ಣ ಬಳಿಸಿದ್ದೆ. ನೀನು ಬರಲಿಲ್ಲ, ಒಂದು ಕಾರ್ಡು ಬಂತು: ವಯಸ್ಕರ ಶಿಕ್ಷಣದ ವರ್ಗ, ತಪ್ಪಿಸಿಕೊಳ್ಳಲಾಗದು. ಬೇರೆ ಅಕ್ಕೋರು ಯಾರೂ ಇರಲಿಲ್ಲವೇ? ಇದ್ದರು. ನೀನೇ ಕೇಳಿ ಹಚ್ಚಿಕೊಂಡಿದ್ದೀ. ನನ್ನ ಮಗಳನ್ನು ನಾನು ಅರಿಯೆನೇ?

ನಿನ್ನ ಹಾಸಿನ ಮಾತು ಚುರುಕ್ಕೆಂದಿತು. ಅದು ಖರೆ ಮಾತು, ಅದಕ್ಕೇ ಎರಡು ತಿಂಗಳು ಕಾಗದ ಮುಟ್ಟಲಿಲ್ಲ.

ಈಗ ನನ್ನದೂ ಒಂದು ಖರೆ ಮಾತು ಕೇಳು. ನಿನ್ನ ಅವ್ವ ಸಂಗವ್ವ ಹೋದ ಮೇಲಿನ ಮೊದಲ ಸೋಮವಾರ ನಾನು ಎಂದಿನಂತೆ ಮಗ್ಗ ನಿಲ್ಲಿಸಿದೆ. ಕಟ್ಟೆಯ ಮೇಲೆ ಕುಳಿತೆ. ಮನೆಯೊಳಗಿಂದ ಒಂದು ಸದ್ದೂ ಇಲ್ಲ. ಉಳಿದ ದಿನ ಮಗ್ಗದ ಸದ್ದಿನಲ್ಲಿ ಅವಳು ಒಳಗೆಲ್ಲೋ ರಾಟೆ ತಿರುಗಿಸುತ್ತಿದ್ದಾಳೆ ಎಂದುಕೊಳ್ಳಬಹುದು. ಸೋಮವಾರ ಮಗ್ಗ ನಿಂತರೆ ಅವಳು ಇಲ್ಲ ಎಂಬುದು ಕಿವಿಗೆ ಕೇಳಿಸುತ್ತದೆ. ಅವತ್ತೇ ಕುಣಿಮಗ್ಗ ತೆಗೆಸಬೇಕು, ಇನ್ನೂ ಜೋರು ಸದ್ದಿನದು ತರಬೇಕು ಎಂದು ನಿರ್ಧಾರ ಮಾಡಿದೆ. ಜನ ನನಗೆ ಹಣದ ಆಸೆ ಎಂದರು. ಅನ್ನಲಿ ಬಿಡು.

ನೀನೂ ಅದಕ್ಕೇ ಈ ಮನೆಗೆ ಬರುವುದಿಲ್ಲ. ನಾನು ಮಗ್ಗ ಹಾಕಿಕೊಂಡೆ, ನೀನು ಶಾಲೆ ಹಾಕಿಕೊಂಡೆ. ಹಾಗಿದ್ದಮೇಲೆ ನನಗೊಬ್ಬನಿಗೇ ಯಾಕೆ ಬುದ್ಧಿ ಹೇಳುತ್ತೀ?

ಸಿಟ್ಟಿನಿಂದ ಬರೆದದ್ದಲ್ಲ. ಕರದಂಟು ಇಟ್ಟಿದ್ದೇನೆ, ಯಾರಾದರೂ ಬಂದರೆ ಕಳಿಸುತ್ತೇನೆ.

ಅಪ್ಪ


ಖಾನಾಪುರ
21 ನವೆಂಬರ್ 1979

ಅಪ್ಪಾ,

ಕರದಂಟು ಮುಟ್ಟಿತು. ಸಾವಂತ್ರವ್ವನಿಗೂ ಕೊಟ್ಟೆ.

ನೀನು ಬರೆದದ್ದು ಖರೆ. ಆ ವರ್ಗವನ್ನು ನಾನೇ ಕೇಳಿ ಹಚ್ಚಿಕೊಂಡೆ. ನಮ್ಮ ಪಡಸಾಲೆಯಲ್ಲಿ ಅವ್ವನ ರಾಟೆ ಗೋಡೆಗೆ ಆನಿಸಿದ್ದು ಹಾಗೆಯೇ ಇದೆ, ಅದನ್ನು ನೋಡಬೇಕಾಗುತ್ತದೆ ಎಂದು ಬರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ಆಗುತ್ತಿಲ್ಲ.

ಕಾಂತಾ


ವಡಗಾವಿ
20 ಫೆಬ್ರುವರಿ 1980

ಚಿ. ಕಾಂತಾ,

ಈ ಸಲ ಕರೆಂಟ್ ಇದೆ. ನಾನೇ ಮಗ್ಗ ನಿಲ್ಲಿಸಿ ಬರೆಯುತ್ತಿದ್ದೇನೆ. ನಂಬದಿದ್ದರೆ ಲಕ್ಷ್ಮಪ್ಪನನ್ನು ಕೇಳು.

ಮೊನ್ನೆ ಶನಿವಾರ ಸೂರ್ಯಗ್ರಹಣ ನಿಮ್ಮಲ್ಲಿಯೂ ಕಂಡಿರಬೇಕು. ಇಲ್ಲಿ ಮುಂಜಾನೆಯಿಂದಲೇ ಜನ ಬಾಗಿಲು ಹಾಕಿಕೊಂಡು ಕೂತರು. ಗ್ರಹಣ ನಮಗೇನು ಮಾಡೀತು, ಲಿಂಗ ಕಟ್ಟಿಕೊಂಡವರು ನಾವು ಎಂದು ನಾನು ಮಗ್ಗ ಹಚ್ಚಿದ್ದೆ. ಊಟದ ಹೊತ್ತಿಗೆ ಲಕ್ಷ್ಮಪ್ಪ ಬಂದು ಕೈ ಮುಗಿದ. “ನಿನ್ನ ಸಲುವಾಗಿ ಅಲ್ಲೋ, ಒಳಗ ನನ್ನ ಸೊಸಿ ಬಸರದಾಳ, ಈ ಸದ್ದ ಕೇಳಿ ಅಂಜಾಕತ್ತಾಳ. ಇವತ್ತೊಂದ ದಿನಾ ನಿಲ್ಲಸಪಾ.” ಬಸುರಿ ಹೆಂಗಸಿನ ಮಾತು ಬಂದಮೇಲೆ ಏನು ಹೇಳುವುದು? ನಿಲ್ಲಿಸಿದೆ.

ಕಟ್ಟೆಗೆ ಬಂದು ಕುಳಿತೆ. ಓಣಿಯಲ್ಲಿ ಒಂದು ನಾಯಿಯೂ ಇಲ್ಲ. ಮಧ್ಯಾಹ್ನವೇ ಸಂಜೆಯಾಗುತ್ತ ಬಂತು, ಗಾಳಿ ತಣ್ಣಗಾಯಿತು, ಕಾಗೆಗಳು ಗೂಡಿಗೆ ಹೊರಟವು. ಕುಳಿತವನಿಗೆ ಅಳು ಬಂತು. ಎರಡೂವರೆ ವರ್ಷದಲ್ಲಿ ಬಾರದ ಅಳು. ನೋಡುವವರು ಯಾರೂ ಇರಲಿಲ್ಲ, ಸುಮ್ಮನೆ ಅತ್ತೆ. ಮತ್ತೆ ಬೆಳಕು ಬಂದಾಗ ಕಾಗೆಗಳೂ ಪೆಚ್ಚಾಗಿ ತಿರುಗಿ ಬಂದವು, ಅದನ್ನು ನೋಡಿ ನಗೆಯೂ ಬಂತು. ಅವತ್ತು ರಾತ್ರಿ ಎಷ್ಟು ಚೆನ್ನಾಗಿ ನಿದ್ದೆ ಬಂತೆಂದರೆ ಲಕ್ಷ್ಮಪ್ಪ ಮರುದಿನ ಬಾಗಿಲು ಬಡಿದು ಎಬ್ಬಿಸಿದ.

ಸೋಮವಾರ ನಾವಿಬ್ಬರೂ ಏನು ಮಾತಾಡುತ್ತಿದ್ದೆವು ಎಂದು ನೀನು ಮೊದಲ ಪತ್ರದಲ್ಲಿ ಕೇಳಿದ್ದೆ. ಅವತ್ತು ಕುಳಿತಾಗ ಎಲ್ಲ ನೆನಪಾಯಿತು. ನಿನ್ನ ಅವ್ವ ವಾರವೆಲ್ಲ ಬಚ್ಚಿಟ್ಟುಕೊಂಡ ಸಿಟ್ಟನ್ನು ಸೋಮವಾರ ಒಂದೊಂದಾಗಿ ತೆಗೆಯುತ್ತಿದ್ದಳು. ಬುಧವಾರ ನೀವು ಹಿಂಗ ಅಂದ್ರಿ, ಶುಕ್ರವಾರ ನಿಮ್ಮ ಅಕ್ಕನ ಮುಂದ ಹಂಗ ಅಂದ್ರಿ. ನಾನು ಎಲ್ಲಕ್ಕೂ ಹೂಂ ಎನ್ನುತ್ತಿದ್ದೆ. ಸಂಜೆಯ ಹೊತ್ತಿಗೆ ಸಿಟ್ಟು ಮುಗಿದು ಅವಳು ನಗುತ್ತಿದ್ದಳು. ಮಂಗಳವಾರದಿಂದ ಹೊಸದಾಗಿ ಶುರು. ಇಪ್ಪತ್ತೆರಡು ವರ್ಷದ ಸಂಸಾರ ಅಷ್ಟರ ಮೇಲೇ ನಡೆಯಿತು.

ಕೊನೆಯ ಸೋಮವಾರ ಅವಳು ಸಿಟ್ಟು ತೆಗೆಯಲಿಲ್ಲ. “ಕಾಂತಾಗ ಎಲ್ಲಿ ನೌಕರಿ ಸಿಗತೈತೋ ಆ ಊರಿಗಿ ಇಬ್ಬರೂ ಹೋಗಿ ಎಂಟ ದಿನಾ ಕುಂತ ಬರೂಣು” ಎಂದಳು. ಇಬ್ಬರೂ ಎಂದಿದ್ದಳು ಕಾಂತಾ. ಒಬ್ಬನೇ ಹೇಗೆ ಬರಲಿ ಎಂದು ನಾನು ಇಷ್ಟು ದಿನ ಹಾಸಿನ ನೆವ ಹೇಳಿದೆ.

ಬರುತ್ತೇನೆ. ಮಾರ್ಚ್ ಒಂಬತ್ತರ ರವಿವಾರ, ಸಂಜೆಯ ಗಾಡಿಗೆ. ಹತ್ತಕ್ಕೆ ಸೋಮವಾರ. ನೀನು ರಜೆ ಹಾಕು.

ನಿನ್ನ ಅಪ್ಪ


ಖಾನಾಪುರ
1 ಮಾರ್ಚ್ 1980

ಅಪ್ಪಾ,

ನಿನ್ನ ಪತ್ರವನ್ನು ಶಾಲೆಯಲ್ಲಿ ಓದಿದೆ. ಮಕ್ಕಳ ಎದುರು ಅಳು ಬಂದುಬಿಟ್ಟಿತು, ಒಬ್ಬಳು ಎದ್ದು ಬಂದು “ಅಕ್ಕೋರ, ಊರಾಗ ಯಾರರ ಸತ್ತಾರೇನ್ರಿ?” ಎಂದು ಕೇಳಿದಳು. ಇಲ್ಲವಾ, ನಮ್ಮಪ್ಪ ಬರುತ್ತಾನೆ ಎಂದೆ. ಅದಕ್ಕೆ ಯಾರು ಅಳುತ್ತಾರೆ ಎಂದು ಅವಳು ಹೋಗಿ ಕುಳಿತಳು.

ಹತ್ತಕ್ಕೆ ರಜೆ ಮಂಜೂರಾಗಿದೆ. ಸಾವಂತ್ರವ್ವ ಗಿಣ್ಣ ಮಾಡುತ್ತಾಳಂತೆ, ಎಮ್ಮೆ ಇವತ್ತೋ ನಾಳೆಯೋ ಈಯುತ್ತದೆ. ಕಟ್ಟೆಯನ್ನು ಸೆಗಣಿಯಿಂದ ಸಾರಿಸಿದ್ದೇನೆ. ಅವ್ವನ ಸಲುವಾಗಿಯೂ ಒಂದು ಚಾಪೆ ಹಾಸುತ್ತೇನೆ. ಮೂವರೂ ಕೂತಂತೆ ಆಗುತ್ತದೆ.

ಏನೂ ತರಬೇಡ. ನೀನು ಬಂದರೆ ಸಾಕು.

ಕಾಂತಾ


ವಡಗಾವಿ
6 ಮಾರ್ಚ್ 1980

ಚಿ. ಕಾಂತಾ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ, ಬೇಗ ಮುಟ್ಟಲಿ. ಒಂದು ವಾರ ತಡವಾಗುತ್ತದೆ. ಸಿಟ್ಟಾಗುವ ಮೊದಲು ಪೂರ್ತಿ ಓದು.

ಹಾಸಿನ ತುದಿ ಹತ್ತಿರ ಬಂದಿದೆ. ನೂಲು ಕೊಡುವ ಯಜಮಾನ ಹೊಸ ಹಾಸು ಕಳಿಸಿದ್ದ, ನಾನು ತಿರುಗಿ ಕಳಿಸಿದೆ. ಈ ಸಲ ಕೆಚ್ಚುವುದಿಲ್ಲ. ಪೂರ್ತಿ ನೇಯ್ದು, ಮಗ್ಗ ಬರಿದು ಮಾಡಿ, ಕೀಲಿ ಹಾಕಿ ಬರುತ್ತೇನೆ. ಖರೇನೇ ಮುಗಿಸಿ ಬಂದ ದಿನ ನಂಬುತ್ತೇನೆ ಎಂದು ನೀನೇ ಬರೆದಿದ್ದೆ. ಒಂದು ದಿನಕ್ಕಲ್ಲ, ಅವಳು ಹೇಳಿದ ಹಾಗೆ ಎಂಟು ದಿನಕ್ಕೆ ಬರುತ್ತೇನೆ. ಅದಕ್ಕಾಗಿ ಈ ವಾರ ಸ್ವಲ್ಪ ಹೆಚ್ಚು ನೇಯಬೇಕು, ಅಷ್ಟೇ.

ಹದಿನಾರಕ್ಕೆ, ರವಿವಾರ, ಖಂಡಿತ.

ಅಪ್ಪ


ವಡಗಾವಿ
10 ಮಾರ್ಚ್ 1980, ಸೋಮವಾರ

ಚಿ. ಕಾಂತಾಳಿಗೆ ಕಲ್ಲಯ್ಯಜ್ಜನ ಆಶೀರ್ವಾದಗಳು.

ಮಗಳೇ, ಈ ಚೀಟಿ ತಂದ ಬಾಳಾಸಾಹೇಬ ನಮ್ಮ ಓಣಿಯವನೇ. ಖಾನಾಪುರದಿಂದ ಹಂಚು ತರಲು ಟ್ರಕ್ ಒಯ್ಯುತ್ತಿದ್ದಾನೆ. ನೀನು ಅವನ ಜೊತೆಗೇ ಹೊರಟು ಬಾ. ನಿಮ್ಮ ಅಪ್ಪ ಜೀವದಿಂದಿದ್ದಾನೆ, ಇದನ್ನು ಮೊದಲು ಓದು. ಬಲಗೈ, ಬಲಗಾಲು ಬಿದ್ದಿವೆ. ಬಾಯಿ ಸೊಟ್ಟಾಗಿದೆ, ಮಾತಿಲ್ಲ. ದವಾಖಾನೆಗೆ ಸೇರಿಸಿದ್ದೇವೆ, ಲಕ್ಷ್ಮಪ್ಪ ಅಲ್ಲಿಯೇ ಇದ್ದಾನೆ.

ಹೇಗಾಯಿತು ಎಂದು ನೀನು ಕೇಳುವಿ. ನಾನು ಎಂದಿನಂತೆ ಮುಂಜಾನೆ ಭಿಕ್ಷೆಗೆ ಬಂದೆ. ಹೊಸ್ತಿಲ ಮೇಲೆ ಬಟ್ಟಲಿತ್ತು. ಒಳಗೆ ಎರಡೂ ಮಗ್ಗ ಹೊಡೆಯುತ್ತಿದ್ದವು. ಕೆಲಸದಲ್ಲಿದ್ದಾನೆ, ಕೂಗುವುದು ಬೇಡ ಎಂದು ಹಿಟ್ಟು ಹಾಕಿಕೊಂಡು, ಬಟ್ಟಲು ಬೋರಲಿಟ್ಟು ಮುಂದೆ ಹೋದೆ. ಓಣಿ ಮುಗಿಸಿ ತಿರುಗಿ ಬರುವಾಗ ಕರೆಂಟ್ ಹೋಯಿತು. ಮಗ್ಗ ನಿಂತವು, ಎಲ್ಲರೂ ಹೊರಗೆ ಬಂದರು. ನಿಮ್ಮ ಅಪ್ಪ ಬರಲಿಲ್ಲ. ಲಕ್ಷ್ಮಪ್ಪ ತನ್ನ ಕಟ್ಟೆಯಿಂದ ಕೂಗಿದ: “ಏ ಗುರುಪುತ್ರಾ, ಇವತ್ತ ಕತ್ತಲ್ಯಾಗೂ ನೇಯತೀಯೇನೋ?” ಇಬ್ಬರೂ ಒಳಗೆ ಹೋದೆವು. ಎರಡು ಮಗ್ಗದ ನಡುವೆ ಬಿದ್ದಿದ್ದ.

ಎರಡೂ ಲಾಳಿಯಲ್ಲಿ ನೂಲಿರಲಿಲ್ಲ. ನೂಲು ಮುಗಿದು ಬಹಳ ಹೊತ್ತಾಗಿತ್ತು ಎಂದು ಲಕ್ಷ್ಮಪ್ಪ ಮಗ್ಗ ನೋಡಿ ಹೇಳಿದ. ನಾನು ಬಾಗಿಲಿಗೆ ಬಂದಾಗಲೇ ಅವನು ಬಿದ್ದಿದ್ದನೋ ಏನೋ. ಮೊದಲಿನ ಮಗ್ಗವಾಗಿದ್ದರೆ ಕೈ ನಿಂತ ಕೂಡಲೇ ಸದ್ದು ನಿಲ್ಲುತ್ತಿತ್ತು, ನನಗೆ ಗೊತ್ತಾಗುತ್ತಿತ್ತು. ಸದ್ದು ಇದೆ, ಆದ್ದರಿಂದ ಮನುಷ್ಯ ಇದ್ದಾನೆ ಎಂದುಕೊಂಡೆ.

ಆ ಹಿಟ್ಟನ್ನು ನಾನು ಉಣ್ಣಲಿಲ್ಲ. ಬೇಗ ಬಾ.

ಕಲ್ಲಯ್ಯ


ಖಾನಾಪುರ
24 ಜೂನ್ 1980

ಪೂಜ್ಯ ಅಜ್ಜಾ,

ನಿಮಗೆ ಶರಣಾರ್ಥಿ. ನೀವು ಎರಡು ಸಲ ಬರೆದು ಕೇಳಿದಿರಿ, ನಾನು ಉತ್ತರ ಕೊಡಲಿಲ್ಲ. ಬರೆಯಲು ಹೊತ್ತಿತ್ತು, ಮನಸ್ಸಿರಲಿಲ್ಲ.

ಅಪ್ಪನನ್ನು ದವಾಖಾನೆಯಿಂದ ನೇರ ಇಲ್ಲಿಗೆ ಕರೆತಂದದ್ದು ನಿಮಗೆ ಗೊತ್ತು. ಬೇಸಿಗೆಯ ಸೂಟಿ ಮುಗಿದ ಮೇಲೂ ನಾನು ಶಾಲೆಗೆ ಹೋಗಿಲ್ಲ. ಪಗಾರವಿಲ್ಲದ ರಜೆ ಹಾಕಿದ್ದೇನೆ. ದೀಪಾವಳಿಯವರೆಗೆ ನಡೆಯುತ್ತದೆ, ಮುಂದಿನದು ಆಮೇಲೆ.

ನಾನು ಕರೆದಿದ್ದ ಕಟ್ಟೆಯ ಮೇಲೆಯೇ ಅಪ್ಪ ದಿನವೂ ಕೂಡುತ್ತಾನೆ. ಬೆನ್ನಿಗೆ ದಿಂಬು ಕೊಟ್ಟು, ಬಲಗೈಯನ್ನು ತೊಡೆಯ ಮೇಲೆ ಎತ್ತಿಟ್ಟು ಕೂರಿಸುತ್ತೇನೆ. ಹೊಳೆ ನೋಡುತ್ತಾನೆ. ಅಜ್ಜಾ, ನಾನು ಬೇಡಿದ್ದು ಇದನ್ನೇ ಅಲ್ಲವೇ ಎಂದು ನನಗೆ ಒಮ್ಮೊಮ್ಮೆ ಹುಚ್ಚು ಹಿಡಿದಂತಾಗುತ್ತದೆ. ಮಾರ್ಚ್ ಹತ್ತರ ಆ ಸೋಮವಾರ ನಾನು ರಜೆ ರದ್ದು ಮಾಡಿರಲಿಲ್ಲ. ಅಪ್ಪ ಬರದಿದ್ದರೆ ಬೇಡ ಎಂದು ಸಿಟ್ಟಿನಿಂದ ಒಬ್ಬಳೇ ಈ ಕಟ್ಟೆಯ ಮೇಲೆ ಕುಳಿತಿದ್ದೆ. ಬಾಳಾಸಾಹೇಬ ಟ್ರಕ್ ನಿಲ್ಲಿಸಿದಾಗಲೂ ಇಲ್ಲಿಯೇ ಇದ್ದೆ. ಹಾಸನ್ನು ಖರೇನೇ ಮುಗಿಸಿ ಬಾ ಎಂದು ಬರೆದವಳು ನಾನು. ಹಾಗೆ ಬರೆಯದಿದ್ದರೆ ಅಪ್ಪ ಅರ್ಧ ಹಾಸು ಬಿಟ್ಟು ಒಂಬತ್ತಕ್ಕೇ ಬರುತ್ತಿದ್ದ.

ನೀವು ಬಟ್ಟಲಿನ ಮಾತು ಎತ್ತಿ ಪತ್ರ ಪತ್ರದಲ್ಲೂ ನೊಂದುಕೊಳ್ಳುತ್ತೀರಿ. ಅಪ್ಪನಿಗೆ ಅದನ್ನು ಓದಿ ಹೇಳಿದೆ. ಎಡಗೈ ಅಲ್ಲಾಡಿಸಿ ಇಲ್ಲ ಇಲ್ಲ ಎಂದು ಸನ್ನೆ ಮಾಡಿದ. ಒಂದು ಸೋಮವಾರ ಇಲ್ಲಿಗೆ ಬನ್ನಿ. ಈ ಮನೆಯ ಹೊಸ್ತಿಲ ಮೇಲೆ ಬಟ್ಟಲಿಡುವುದಿಲ್ಲ. ಒಳಗೆ ಬಂದು, ಕುಳಿತು, ಉಂಡು ಹೋಗಬೇಕು.

ಮೊದಲ ತಿಂಗಳು ನನಗೂ ಸುಮ್ಮನೆ ಕೂಡಲು ಬರಲಿಲ್ಲ. ತೊಳೆದ ಪಾತ್ರೆಯನ್ನೇ ತೊಳೆದೆ. ಸಾರಿಸಿದ ನೆಲವನ್ನೇ ಸಾರಿಸಿದೆ. ಕೊನೆಗೆ ಸಾವಂತ್ರವ್ವ ನನ್ನ ಕೈಯಿಂದ ಕಸಬರಿಗೆ ಕಸಿದುಕೊಂಡಳು. “ನಿಮ್ಮಪ್ಪನ ಮಗಳು ಹೌದವಾ ನೀ. ಹೋಗು, ಅಂವನ ಬಾಜೂ ಹೋಗಿ ಕುಂದ್ರು. ಮಾತು ಬ್ಯಾಡ, ಕೆಲಸ ಬ್ಯಾಡ. ಕುಂದ್ರು.” ಕುಳಿತೆ. ಅರ್ಧ ತಾಸಿನಲ್ಲಿ ಅವ್ವ ನೆನಪಾದಳು. ಅಪ್ಪನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅವಳು ಹೋದಾಗ ಬಂದ ಜನಕ್ಕೆಲ್ಲ ಚಹಾ ಮಾಡುವುದರಲ್ಲೇ ಇದ್ದೆ, ಅಳಲು ಪುರುಸೊತ್ತೇ ಆಗಿರಲಿಲ್ಲ. ಈಗ ದಿನವೂ ಇಬ್ಬರೂ ಕೂಡುತ್ತೇವೆ. ಅಪ್ಪನಿಗೆ ಒಂದೊಂದೇ ಶಬ್ದ ಮರಳಿ ಬರುತ್ತಿದೆ. ಮೊದಲು ಬಂದದ್ದು ನೀರು, ಆಮೇಲೆ ಸಂಗವ್ವ.

ನಿನ್ನೆ ಸೋಮವಾರ. ಲಕ್ಷ್ಮಪ್ಪ ಕಾಕಾ ಬಂದಿದ್ದ. ಸೊಸೆಗೆ ಹೆಣ್ಣು ಕೂಸಾಗಿದೆ ಎಂದು ಸಕ್ಕರೆ ತಂದಿದ್ದ. ಅದರ ಜೊತೆಗೆ ಮಗ್ಗದಿಂದ ಬಿಚ್ಚಿದ ಬಟ್ಟೆಯ ಸುರುಳಿ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ತಡೆಯಲಾರದೆ ಕೇಳಿದ: “ಹಾಸು ಇನ್ನಾ ಒಂದೆರಡ ಸೀರಿಯಷ್ಟ ಉಳದೈತೋ ಗುರುಪುತ್ರಾ. ತುದಿ ಮ್ಯಾಲ ಬಂದೈತಿ. ಹೊಸಾದು ಕೆಚ್ಚಲ್ಯಾ? ಮಗ್ಗ ಬರೀದ ಬಿಟ್ಟರ ನನಗ ಕಸಿವಿಸಿ ಆಗತೈತಿ.”

ಅಪ್ಪ ಬಹಳ ಹೊತ್ತು ಬಾಯಿ ಕೂಡಿಸಿಕೊಂಡ. ಆಮೇಲೆ “ಕೊಯ್” ಎಂದ.

ಕಾಕಾನಿಗೆ ಅರ್ಥವಾಗಲಿಲ್ಲ ಎಂದಲ್ಲ, ಆದರೂ ನನ್ನ ಮುಖ ನೋಡಿದ. ಹಾಸು ನಡುವೆ ಕೊಯ್ಯುವುದನ್ನು ಅವನು ಕಂಡಿಲ್ಲ, ನಾನೂ ಕಂಡಿಲ್ಲ. ಅಪ್ಪ ಇನ್ನೊಮ್ಮೆ ಹೇಳಿದ, ಎರಡು ಬೆರಳು ಕತ್ತರಿಯಂತೆ ಆಡಿಸಿಯೂ ತೋರಿಸಿದ. ಕಾಕಾ ಹೂಂ ಎಂದು ತಲೆ ತಗ್ಗಿಸಿದ.

ಆಮೇಲೆ ಸುರುಳಿ ಬಿಚ್ಚು ಎಂದು ಅಪ್ಪ ಸನ್ನೆ ಮಾಡಿದ. ಕಾಕಾ ಒಲ್ಲೆ ಒಲ್ಲೆ ಎಂದ, ಅಪ್ಪ ಬಿಡಲಿಲ್ಲ. ಅವನ ತೊಡೆಯ ಮೇಲೆ ಬಿಚ್ಚುತ್ತ ಹೋದೆ. ಹಸಿರು ಸೀರೆ, ಗಟ್ಟಿ ನೇಯ್ಗೆ, ಅಂಚು ಸಪಾಟು. ಒಂದು ಕಡೆ ಒಮ್ಮೆಲೇ ನೇಯ್ಗೆ ನಿಂತಿತ್ತು. ಅಲ್ಲಿಂದ ಮುಂದೆ ಅಡ್ಡ ನೂಲೇ ಇಲ್ಲ, ಬರಿ ಹಾಸಿನ ಉದ್ದ ಎಳೆಗಳು, ಹೆಚ್ಚುಕಡಿಮೆ ಅರ್ಧ ಸೀರೆಯಷ್ಟು. ಅಪ್ಪ ನೆಲದ ಮೇಲೆ ಬಿದ್ದಿದ್ದಾಗ ಮಗ್ಗ ಒಂದೇ ಸಮನೆ ಹೊಡೆದು ಸುತ್ತಿಕೊಂಡದ್ದು ಅದು. ಕಾಕಾ ಕಣ್ಣು ಒರೆಸಿಕೊಂಡು “ಅಷ್ಟ ಕತ್ತರಿಸಿ ಒಗದ ತರಬೇಕಿತ್ತವಾ, ನನ್ನ ಕೈ ಬರಲಿಲ್ಲ” ಎಂದ.

ಅಪ್ಪ ಎಡಗೈಯನ್ನು ಆ ಎಳೆಗಳೊಳಗೆ ತೂರಿಸಿದ. ಬೆರಳುಗಳು ಈಚೆ ಕಡೆಯಿಂದ ಕಾಣುತ್ತಿದ್ದವು. ಆ ತುದಿಯಿಂದ ಈ ತುದಿಯವರೆಗೆ ಮೆಲ್ಲಗೆ ಎಳೆದುಕೊಂಡು ಬಂದ, ನೇಯ್ಗೆ ನಿಂತ ಗೆರೆಗೆ ಬಂದು ನಿಲ್ಲಿಸಿದ. ಆಮೇಲೆ ನನ್ನ ಕಡೆ ನೋಡಿ, ಮೂರು ತಿಂಗಳಲ್ಲಿ ಮೊದಲ ಸಲ ಒಂದು ಪೂರ್ತಿ ಮಾತು ಆಡಿದ.

“ನಿಮ್ಮವ್ವ ಹೋದಮ್ಯಾಲ ನಾ ತಗೊಂಡ ಸೂಟಿ ಇಷ್ಟ ನೋಡವಾ.”

ನಿಮ್ಮ ಮಗಳಂಥವಳು,
ಕಾಂತಾ